ಅರ್ಥ್ ಫಾಲ್ಟ್ ರಕ್ಷಣೆ: ಕರೆಂಟು ವಾಪಸ್ ಬರುವ ದಾರಿಯಿಂದ ಶುರು ಮಾಡಿ

"ಅರ್ಥಿಂಗ್ ಹಾಕಿಸಿದ್ದೇನೆ, ಇನ್ನೇನು ಭಯ" ಎನ್ನುವವರು ತುಂಬಾ ಜನ. ವೈರಿಂಗ್ ಮಾಡುವವರಲ್ಲೂ ಇದ್ದಾರೆ. ಅವರ ಲೆಕ್ಕದಲ್ಲಿ ಭೂಮಿ ಅಂದರೆ ಒಂದು ಇಂಗುಗುಂಡಿ. ಸೋರಿದ ಕರೆಂಟು ಅಲ್ಲಿಗೆ ಹೋಗಿ ಇಂಗಿಬಿಡುತ್ತದೆ. ಹಾಗೆ ಆಗುವುದೇ ಇಲ್ಲ. ಕರೆಂಟು ಹೊರಟದ್ದು ಟ್ರಾನ್ಸ್‌ಫಾರ್ಮರ್‌ನಿಂದ, ವಾಪಸ್ ಸೇರಬೇಕಾದದ್ದೂ ಅದೇ ಟ್ರಾನ್ಸ್‌ಫಾರ್ಮರ್‌ನ ನ್ಯೂಟ್ರಲ್‌ಗೆ. ಮಣ್ಣು ನಡುವೆ ಸಿಗುವ ಒಂದು ದಾರಿ ಅಷ್ಟೇ, ಅದೂ ಒಳ್ಳೆಯ ದಾರಿಯಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಒಂದು ಕಟ್ಟಡದ ಅರ್ಥ್ ರಾಡ್ 20 ಓಮ್ ಇದೆ, ಟ್ರಾನ್ಸ್‌ಫಾರ್ಮರ್ ಹತ್ತಿರದ ನ್ಯೂಟ್ರಲ್ ಅರ್ಥ್ 5 ಓಮ್. ಎರಡರ ನಡುವೆ ಮಣ್ಣು ಬಿಟ್ಟರೆ ಬೇರೆ ಸಂಪರ್ಕ ಇಲ್ಲ. ಈಗ ಒಂದು ಮೋಟಾರಿನ ಒಳಗೆ ಫೇಸ್ ವೈರ್ ಸುಲಿದು ಬಾಡಿಗೆ ತಗುಲಿತು. ಅರ್ಥ್ ಫಾಲ್ಟ್ ಅಂದರೆ ಇಂಥದ್ದೇ. ಹರಿಯುವ ಕರೆಂಟು 230 ÷ 25, ಅಂದರೆ 9.2 ಆಂಪಿಯರ್. ಅಲ್ಲಿರುವುದು 16 ಆಂಪಿಯರ್ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನಾಗೇ ಬಿದ್ದು ಲೈನ್ ಕಡಿಯುವ ಸ್ವಿಚ್. ಅದರ ಕಣ್ಣಿಗೆ ಇದು ಮಾಮೂಲಿ ಲೋಡ್, ಹಾಗಾಗಿ ಸುಮ್ನೆ ಕೂತಿರುತ್ತದೆ. ಅಷ್ಟರಲ್ಲಿ ಮೋಟಾರಿನ ಬಾಡಿ ಮೇಲೆ ಎಷ್ಟು ವೋಲ್ಟ್? 9.2 × 20 = 184 ವೋಲ್ಟ್. ಗಂಟೆಗಟ್ಟಲೆ ಹಾಗೇ ಇರುತ್ತದೆ, ಯಾರಾದರೂ ಮುಟ್ಟುವ ತನಕ. ಅರ್ಥಿಂಗ್ ಇದೆ, ಎಂಸಿಬಿ ಇದೆ, ಎರಡೂ ಸರಿಯಾಗೇ ಇವೆ. ರಕ್ಷಣೆ ಮಾತ್ರ ಇಲ್ಲ.

ಹಾಗಾಗಿ ಅರ್ಥ್ ಫಾಲ್ಟ್ ರಕ್ಷಣೆ ಎಂದರೆ ಎರಡು ಕೆಲಸ. ಫಾಲ್ಟ್ ಕರೆಂಟಿಗೆ ವಾಪಸ್ ಹೋಗಲು ದಾರಿ ಮಾಡಿಕೊಡುವುದು ಒಂದು. ಅದು ಆ ದಾರಿಯಲ್ಲಿ ಹೋಗುತ್ತಿರುವುದನ್ನು ಗುರುತಿಸಿ ಬೇಗ ಕಡಿಯುವ ಸಾಧನ ಇಡುವುದು ಇನ್ನೊಂದು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಮೇಲಿನ ಮೋಟಾರಿನ ಕತೆಯೇ.

ಮೊದಲು ನಿಮ್ಮದು ಯಾವ ಸಿಸ್ಟಂ ನೋಡಿ

ವೈರಿಂಗ್‌ನ ಅಂತರರಾಷ್ಟ್ರೀಯ ಮಾನದಂಡ ಐಇಸಿ 60364 ಪ್ರಕಾರ ಮೂರು ಬಗೆ: ಟಿಟಿ, ಟಿಎನ್, ಐಟಿ. ಮೊದಲ ಅಕ್ಷರ ಟ್ರಾನ್ಸ್‌ಫಾರ್ಮರ್ ಬಗ್ಗೆ ಹೇಳುತ್ತದೆ, ಎರಡನೆಯದು ಉಪಕರಣಗಳ ಲೋಹದ ಬಾಡಿ ಬಗ್ಗೆ. ಟಿ ಅಂದರೆ ನೇರ ಭೂಮಿಗೆ, ಎನ್ ಅಂದರೆ ನ್ಯೂಟ್ರಲ್‌ಗೆ, ಐ ಅಂದರೆ ಭೂಮಿಯಿಂದ ಬೇರೆಯಾಗಿ.

ಮೇಲೆ ಹೇಳಿದ ಉದಾಹರಣೆ ಟಿಟಿ. ವಾಪಸ್ ದಾರಿ ಮಣ್ಣಿನಲ್ಲಿ. ಇಲ್ಲಿ ಎಂಸಿಬಿ ನಂಬಿ ಕೂರುವ ಹಾಗೇ ಇಲ್ಲ, ಸೋರಿಕೆ ಗುರುತಿಸಿ ಕಡಿಯುವ ಆರ್‌ಸಿಸಿಬಿ ಬೇಕೇ ಬೇಕು. ನಿಯಮವೂ ಸರಳ: ಅರ್ಥ್ ರಾಡ್‌ನ ಓಮ್ ಅನ್ನು ಆರ್‌ಸಿಸಿಬಿ ಬೀಳುವ ಸೋರಿಕೆಯ ಆಂಪಿಯರ್‌ನಿಂದ ಗುಣಿಸಿದರೆ 50 ವೋಲ್ಟ್ ದಾಟಬಾರದು. 30 ಮಿಲಿಆಂಪಿಯರ್‌ದಾದರೆ 1667 ಓಮ್ ತನಕ ನಡೆಯುತ್ತದೆ, 300 ಮಿಲಿಆಂಪಿಯರ್‌ದಾದರೆ 167 ಓಮ್. 1667 ನೋಡಿ "ಹಾಗಾದರೆ ಯಾವ ಅರ್ಥಿಂಗ್ ಆದರೂ ಸಾಕಲ್ವಾ" ಎಂದುಕೊಳ್ಳಬೇಡಿ. ಅಷ್ಟು ಓಮ್ ತೋರಿಸುವ ರಾಡ್ ಬೇಸಿಗೆಯಲ್ಲಿ ಎಲ್ಲಿಗೆ ಹೋಗಿ ನಿಲ್ಲುತ್ತದೋ ಹೇಳಲಾಗದು. 100 ಓಮ್ ಒಳಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಟಿಎನ್ ಸಿಸ್ಟಂನಲ್ಲಿ ಉಪಕರಣದ ಬಾಡಿಯಿಂದ ಟ್ರಾನ್ಸ್‌ಫಾರ್ಮರ್ ನ್ಯೂಟ್ರಲ್ ತನಕ ತಾಮ್ರ ಅಥವಾ ಅಲ್ಯೂಮಿನಿಯಂ ತಂತಿಯೇ ಇರುತ್ತದೆ. ಫಾಲ್ಟ್ ಆದ ಕೂಡಲೇ ನೂರಾರು ಆಂಪಿಯರ್ ಹರಿಯುತ್ತದೆ. ಇಡೀ ಸುತ್ತಿನ ರೆಸಿಸ್ಟೆನ್ಸ್, ಅಂದರೆ ಲೂಪ್ ಇಂಪಿಡೆನ್ಸ್, ಅರ್ಧ ಓಮ್ ಇದ್ದರೆ 460 ಆಂಪಿಯರ್. ಸಿ ಕರ್ವ್ ಎಂಬ ಬಗೆಯ 16 ಆಂಪಿಯರ್ ಎಂಸಿಬಿ ಹತ್ತು ಪಟ್ಟು, ಅಂದರೆ 160 ಆಂಪಿಯರ್ ಆದರೆ ಖಂಡಿತ ಥಟ್ಟನೆ ಬೀಳುತ್ತದೆ. ಹಾಗಾಗಿ ಇಲ್ಲಿ ಎಂಸಿಬಿ ಕೆಲಸ ಮಾಡುತ್ತದೆ, ಆದರೆ ಲೂಪ್ 230 ÷ 160, ಅಂದರೆ ಸುಮಾರು 1.4 ಓಮ್ ದಾಟಬಾರದು. ಅದೇ ಕರ್ವ್‌ನ 32 ಆಂಪಿಯರ್ ಹಾಕಿದರೆ ಈ ಮಿತಿ 0.72ಕ್ಕೆ ಇಳಿಯುತ್ತದೆ. "ಎಂಸಿಬಿ ಪದೇ ಪದೇ ಬೀಳುತ್ತಿತ್ತು, ದೊಡ್ಡದು ಹಾಕಿದೆ" ಎನ್ನುವವರು ಈ ಲೆಕ್ಕ ನೋಡಿರುವುದಿಲ್ಲ. ಉದ್ದದ ತೆಳ್ಳಗಿನ ವೈರಿನ ಕೊನೆಯಲ್ಲಿ ಲೂಪ್ 1 ಓಮ್ ಇದ್ದರೆ ಹಳೆಯ ಎಂಸಿಬಿ ತಕ್ಷಣ ಕಡಿಯುತ್ತಿತ್ತು, ಹೊಸದು ಬಿಸಿಯಾಗಿ ಬೀಳುವ ತನಕ ಕಾಯಬಹುದು. 230 ವೋಲ್ಟಿನ ಪ್ಲಗ್ ಸರ್ಕ್ಯೂಟ್‌ಗಳಲ್ಲಿ ಟಿಎನ್ ಆದರೆ 0.4 ಸೆಕೆಂಡ್, ಟಿಟಿ ಆದರೆ 0.2 ಸೆಕೆಂಡ್ ಒಳಗೆ ಕಡಿಯಬೇಕು. ಲೂಪ್ ಅಳೆಯುವ ಮೀಟರ್ ಸಿಗುತ್ತದೆ. ದೂರದ ಪ್ಲಗ್ ಪಾಯಿಂಟ್‌ನಲ್ಲಿ ಅಳೆಯಿರಿ, ಬೋರ್ಡ್ ಹತ್ತಿರ ಅಳೆದು ಖುಷಿಪಡುವುದರಲ್ಲಿ ಅರ್ಥವಿಲ್ಲ.

ಟಿಎನ್‌ನಲ್ಲಿ ಒಂದು ಕೆಟ್ಟ ಗುಣ ಇದೆ. ನ್ಯೂಟ್ರಲ್ ಮತ್ತು ಅರ್ಥ್ ಎರಡನ್ನೂ ಒಂದೇ ತಂತಿ ಹೊತ್ತು ತರುವ ಕಡೆ ಆ ತಂತಿ ತುಂಡಾದರೆ, ತುಂಡಾದ ಜಾಗದಿಂದ ಆಚೆಗಿನ ಉಪಕರಣಗಳ ಬಾಡಿಗೆಲ್ಲ ಲೋಡ್ ಮೂಲಕ ಫೇಸ್ ಬಂದು ನಿಲ್ಲುತ್ತದೆ. ಯಾವ ಉಪಕರಣವೂ ಕೆಟ್ಟಿರುವುದಿಲ್ಲ, ಆದರೂ ಎಲ್ಲವೂ ಶಾಕ್ ಹೊಡೆಯುತ್ತವೆ. ಒಳಗಿನ ಆರ್‌ಸಿಸಿಬಿ ಬಿದ್ದರೂ ಅರ್ಥ್ ತಂತಿಯನ್ನು ಅದು ಕಡಿಯುವುದಿಲ್ಲವಲ್ಲ, ಹಾಗಾಗಿ ಉಪಯೋಗವಿಲ್ಲ. ಅದಕ್ಕೇ ಆ ತಂತಿಯನ್ನು ದಾರಿಯುದ್ದಕ್ಕೂ ಅಲ್ಲಲ್ಲಿ ಭೂಮಿಗೆ ಕಟ್ಟುವುದು, ಮತ್ತು ಅದರಲ್ಲಿ ಸ್ವಿಚ್ ಆಗಲಿ ಫ್ಯೂಸ್ ಆಗಲಿ ಎಂದಿಗೂ ಹಾಕದಿರುವುದು.

ಐಟಿ ಸಿಸ್ಟಂ ಆಪರೇಷನ್ ಥಿಯೇಟರ್, ಕೆಲವು ಗಣಿ ಮತ್ತು ಕಾರ್ಖಾನೆಗಳಲ್ಲಿ ಇರುತ್ತದೆ. ಮೊದಲ ಫಾಲ್ಟ್‌ಗೆ ಟ್ರಿಪ್ ಆಗದೆ ಬರೀ ಅಲಾರಂ ಬರುತ್ತದೆ. ಆ ಅಲಾರಂ ಆಫ್ ಮಾಡಿ ಮರೆತರೆ ಎರಡನೇ ಫಾಲ್ಟ್ ಬೇರೆ ಫೇಸಿನಲ್ಲಿ ಬಂದಾಗ ನೇರ ಶಾರ್ಟ್. ಅಷ್ಟು ತಿಳಿದಿದ್ದರೆ ಸದ್ಯಕ್ಕೆ ಸಾಕು.

ಆರ್‌ಸಿಸಿಬಿ ಹಾಕುವಾಗ

ಆರ್‌ಸಿಸಿಬಿ ಏನು ನೋಡುತ್ತದೆ? ಫೇಸಿನಲ್ಲಿ ಹೋದಷ್ಟೇ ಕರೆಂಟು ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ, ಅಷ್ಟೇ. ಬರದಿದ್ದರೆ ಬೇರೆ ಎಲ್ಲೋ ಹೋಗುತ್ತಿದೆ ಎಂದು ಕಡಿಯುತ್ತದೆ. 30 ಮಿಲಿಆಂಪಿಯರ್‌ದು ನಿಜವಾಗಿ 15ರಿಂದ 30ರ ನಡುವೆ ಎಲ್ಲೋ ಬೀಳುತ್ತದೆ. ಅಷ್ಟು ಕರೆಂಟಿಗೆ 0.3 ಸೆಕೆಂಡ್ ಒಳಗೆ, ಐದು ಪಟ್ಟಿಗೆ 0.04 ಸೆಕೆಂಡ್ ಒಳಗೆ ಕಡಿಯಬೇಕು.

30 ಯಾಕೆ? ಮನುಷ್ಯನಿಗೆ ಅರ್ಧ ಮಿಲಿಆಂಪಿಯರ್ ಹೊತ್ತಿಗೆ ಜುಮ್ ಎಂದು ಗೊತ್ತಾಗುತ್ತದೆ. 10ರ ಆಸುಪಾಸಿನಲ್ಲಿ ಕೈ ಹಿಡಿದದ್ದನ್ನು ಬಿಡಲು ಆಗುವುದಿಲ್ಲ. ಅದಕ್ಕಿಂತ ಮೇಲೆ ಹೋದ ಹಾಗೆ ಉಸಿರಾಟದ ಸ್ನಾಯು ಹಿಡಿದುಕೊಳ್ಳುತ್ತದೆ, ಇನ್ನೂ ಜಾಸ್ತಿಯಾಗಿ ಸೆಕೆಂಡ್‌ಗಟ್ಟಲೆ ಹರಿದರೆ ಹೃದಯದ ಬಡಿತ ತಪ್ಪುತ್ತದೆ. ಮೈಯ ರೆಸಿಸ್ಟೆನ್ಸ್ ಸುಮಾರು 1000 ಓಮ್ ಎಂದು ಹಿಡಿದರೆ 230 ವೋಲ್ಟಿಗೆ 230 ಮಿಲಿಆಂಪಿಯರ್. ಆರ್‌ಸಿಸಿಬಿ ಇದನ್ನು 30ಕ್ಕೆ ಇಳಿಸುತ್ತದೆ ಎಂದು ನಂಬಿದವರಿದ್ದಾರೆ. ಇಲ್ಲ, 230 ಪೂರ್ತಿ ಹರಿಯುತ್ತದೆ, ಶಾಕ್ ಚೆನ್ನಾಗೇ ಹೊಡೆಯುತ್ತದೆ. ಅದು ಹರಿಯುವ ಸಮಯವನ್ನು ಮಾತ್ರ ಆರ್‌ಸಿಸಿಬಿ ಕಡಿಮೆ ಮಾಡುತ್ತದೆ. ಇನ್ನೊಂದು, ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದು ಒಣ ಮರದ ಸ್ಟೂಲ್ ಮೇಲೆ ನಿಂತರೆ ಅದಕ್ಕೆ ನೀವೂ ಒಂದು ಬಲ್ಬ್ ಅಷ್ಟೇ. ಹೋದದ್ದು ವಾಪಸ್ ಬರುತ್ತಿದೆಯಲ್ಲ!

ಕೊಳ್ಳುವಾಗ ಟೈಪ್ ನೋಡಿ. ಟೈಪ್ ಎಸಿ ಶುದ್ಧ ಎಸಿ ಸೋರಿಕೆಯನ್ನು ಮಾತ್ರ ಗುರುತಿಸುತ್ತದೆ. ಈಗಿನ ಉಪಕರಣಗಳಲ್ಲಿ ಬಹುಪಾಲು ಒಳಗೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಇರುವುದರಿಂದ ಕನಿಷ್ಠ ಟೈಪ್ ಎ ಹಾಕಿ. ಮೋಟಾರಿನ ವೇಗ ಬದಲಿಸುವ ಮೂರು ಫೇಸಿನ ಡ್ರೈವ್, ಕೆಲವು ಸೋಲಾರ್ ಇನ್ವರ್ಟರ್, ಎಲೆಕ್ಟ್ರಿಕ್ ಕಾರ್ ಚಾರ್ಜರ್ ಇರುವ ಕಡೆ ನೆಟ್ಟಗಿನ ಡಿಸಿ ಸೋರಬಹುದು. ಅದು ಟೈಪ್ ಎಸಿ, ಟೈಪ್ ಎ ಎರಡರ ಕೋರನ್ನೂ ಕಿವುಡಾಗಿಸಿಬಿಡುತ್ತದೆ. ಆಗ ಬೇರೆ ಮಾಮೂಲಿ ಫಾಲ್ಟ್ ಬಂದರೂ ಬೀಳುವುದಿಲ್ಲ. ಅಲ್ಲಿ ಟೈಪ್ ಬಿ ಬೇಕು, ಅಥವಾ ಚಾರ್ಜರ್ ಒಳಗೇ 6 ಮಿಲಿಆಂಪಿಯರ್ ಡಿಸಿ ಗುರುತಿಸುವ ವ್ಯವಸ್ಥೆ ಇರಬೇಕು.

ಇಡೀ ಕಟ್ಟಡಕ್ಕೆ 30 ಮಿಲಿಆಂಪಿಯರ್‌ನ ಒಂದೇ ಆರ್‌ಸಿಸಿಬಿ ಹಾಕಿದರೆ ಯಾವುದೋ ಮೂಲೆಯ ಹೀಟರ್ ಸೋರಿದರೂ ಎಲ್ಲ ಕತ್ತಲು. ಮೇನ್‌ನಲ್ಲಿ 100 ಅಥವಾ 300ರದ್ದು, ಅದೂ ಎಸ್ ಗುರುತಿನದು, ಹಾಕಿ. ಎಸ್ ಅಂದರೆ ಬೇಕೆಂದೇ ಸ್ವಲ್ಪ ತಡ ಮಾಡಿ ಬೀಳುವಂಥದ್ದು. ಕೆಳಗೆ ಒಂದೊಂದು ಗುಂಪಿಗೆ ಒಂದೊಂದು 30. ಮೇಲಿನದು ಕೆಳಗಿನದರ ಮೂರು ಪಟ್ಟಾದರೂ ಇರಲಿ, ಮತ್ತು ಎಸ್ ಇರಲಿ. ಬರೀ ಮಿಲಿಆಂಪಿಯರ್ ವ್ಯತ್ಯಾಸ ಇಟ್ಟು ತಡ ಇಡದಿದ್ದರೆ ಗಟ್ಟಿ ಫಾಲ್ಟ್‌ಗೆ ಎರಡೂ ಒಟ್ಟಿಗೆ ಬೀಳುತ್ತವೆ. 300ರದ್ದು ಬೆಂಕಿ ತಡೆಯಲು, ಜೀವ ಉಳಿಸಲು ಅಲ್ಲ. ಅದನ್ನು ನೋಡಿ "ಆರ್‌ಸಿಸಿಬಿ ಇದೆ" ಎಂದು ನೆಮ್ಮದಿಯಿಂದ ಇರಬೇಡಿ.

ಇನ್ನು ಕನೆಕ್ಷನ್. ಆರ್‌ಸಿಸಿಬಿಯಿಂದ ಹೊರಟ ನ್ಯೂಟ್ರಲ್ ಅದರ ಆಚೆ ಎಲ್ಲೂ ಅರ್ಥ್‌ಗೆ ತಾಗಬಾರದು, ಇನ್ನೊಂದು ಆರ್‌ಸಿಸಿಬಿಯ ನ್ಯೂಟ್ರಲ್ ಜೊತೆ ಸೇರಬಾರದು. ಒಂದೊಂದಕ್ಕೆ ಬೇರೆ ಬೇರೆ ನ್ಯೂಟ್ರಲ್ ಬಾರ್ ಇಡಿ. ಆರ್‌ಸಿಸಿಬಿ ಓವರ್‌ಲೋಡ್ ನೋಡುವುದಿಲ್ಲ, ಅದರ ಜೊತೆಗೆ ಎಂಸಿಬಿ ಬೇಕು. ಒಳಗಿನ ಎಲೆಕ್ಟ್ರಾನಿಕ್ ಸರ್ಕ್ಯೂಟ್‌ಗೆ ಲೈನಿನಿಂದಲೇ ಪವರ್ ತೆಗೆದುಕೊಳ್ಳುವ ಬಗೆಯದಾದರೆ ನ್ಯೂಟ್ರಲ್ ತುಂಡಾದಾಗ ಅದು ಸತ್ತಂತೆ. ಫೇಸ್ ಮಾತ್ರ ಜೀವಂತ ಇರುತ್ತದೆ. ಸಾಧ್ಯವಾದರೆ ಹಾಗೆ ವೋಲ್ಟೇಜ್ ಬೇಡದ ಬಗೆಯದನ್ನೇ ಹಾಕಿ.

ಪದೇ ಪದೇ ಬೀಳುತ್ತಿದ್ದರೆ

ಬಹಳ ಜನ ಮಾಡುವ ಕೆಲಸ ಅಂದರೆ ಆರ್‌ಸಿಸಿಬಿ ಕಿತ್ತು ನೇರ ಕೊಡುವುದು. ದಯವಿಟ್ಟು ಬೇಡ. ಹುಡುಕುವುದು ಅಷ್ಟು ಕಷ್ಟವೇನಲ್ಲ.

ಕೆಳಗಿನ ಎಂಸಿಬಿ ಎಲ್ಲ ಆಫ್ ಮಾಡಿ ಆರ್‌ಸಿಸಿಬಿ ಎತ್ತಿ. ಆಮೇಲೆ ಒಂದೊಂದೇ ಎಂಸಿಬಿ ಆನ್ ಮಾಡಿ. ಯಾವುದಕ್ಕೆ ಬೀಳುತ್ತದೋ ಆ ಸರ್ಕ್ಯೂಟಿನ ಪ್ಲಗ್ ಎಲ್ಲ ಕಿತ್ತು ಮತ್ತೆ ನೋಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಬೇಕು. ಯಾಕೆಂದರೆ ಸ್ವಿಚ್ ಕಡಿಯುವುದು ಬರೀ ಫೇಸನ್ನು. ನ್ಯೂಟ್ರಲ್ ಅರ್ಥ್‌ಗೆ ತಾಗಿರುವ ಫಾಲ್ಟ್ ಹಾಗೇ ಉಳಿಯುತ್ತದೆ.

ಜನರ ತಲೆ ಕೆಡಿಸುವುದು ಇದೇ ಫಾಲ್ಟ್. ಲೋಡ್ ಇಲ್ಲದಾಗ ಏನೂ ಆಗುವುದಿಲ್ಲ. ಬೇರೆ ಯಾವುದೋ ರೂಮಿನ, ಸಂಬಂಧವೇ ಇಲ್ಲದ ಮೋಟಾರ್ ಹಾಕಿದ ಕೂಡಲೇ ಬೀಳುತ್ತದೆ. ಮೋಟಾರಿನ ಕರೆಂಟು ವಾಪಸ್ ಬರುವಾಗ ಒಂದು ಪಾಲು ನ್ಯೂಟ್ರಲ್ ಬಿಟ್ಟು ಅರ್ಥ್ ದಾರಿ ಹಿಡಿಯುತ್ತದೆ ಅಲ್ವಾ, ಅದಕ್ಕೆ. ಮೋಟಾರ್ ಬಿಚ್ಚಿ ಕಾಯಿಲ್ ನೋಡಿ ಏನೂ ಸಿಗದೆ ಬೇಜಾರಾಗಿ ಕೂತವರನ್ನು ನಾನು ನೋಡಿದ್ದೇನೆ, ನಾನೂ ಒಮ್ಮೆ ಕೂತಿದ್ದೇನೆ. ಇದಕ್ಕೆ ಒಂದೊಂದು ಸರ್ಕ್ಯೂಟಿನ ನ್ಯೂಟ್ರಲ್ ವೈರನ್ನೂ ಬಾರ್‌ನಿಂದ ಬಿಚ್ಚಿ, ಮೇನ್ ಆಫ್ ಮಾಡಿಯೇ, ಇನ್ಸುಲೇಷನ್ ಟೆಸ್ಟರ್‌ನಿಂದ 500 ವೋಲ್ಟ್ ಡಿಸಿ ಕೊಟ್ಟು ಅರ್ಥ್‌ಗೆ ಅಳೆಯಬೇಕು. 1 ಮೆಗಾಓಮ್‌ಗಿಂತ ಕೆಳಗೆ ಬಂದರೆ ಅಲ್ಲಿದೆ ತೊಂದರೆ. ಎಲೆಕ್ಟ್ರಾನಿಕ್ ಉಪಕರಣಗಳನ್ನು ಮೊದಲೇ ಕಿತ್ತಿಡಿ, ಇಲ್ಲಾಂದ್ರೆ 500 ವೋಲ್ಟಿಗೆ ಅವು ಹೋಗುತ್ತವೆ.

ಫಾಲ್ಟೇ ಇಲ್ಲದೆಯೂ ಬೀಳಬಹುದು. ಕಂಪ್ಯೂಟರ್‌ನಂಥವುಗಳ ಫಿಲ್ಟರ್‌ಗಳು ಒಂದೊಂದೂ ಒಂದೆರಡು ಮಿಲಿಆಂಪಿಯರ್ ಅರ್ಥ್‌ಗೆ ಬಿಡುತ್ತಲೇ ಇರುತ್ತವೆ. ಹದಿನೈದು ಸೇರಿದರೆ 30ರದ್ದು ಅಂಚಿಗೆ ಬಂದು ನಿಂತಿರುತ್ತದೆ. ಮಾಮೂಲಿ ಸೋರಿಕೆ ಆರ್‌ಸಿಸಿಬಿ ರೇಟಿಂಗ್‌ನ 30 ಶೇಕಡ, ಅಂದರೆ 9 ಮಿಲಿಆಂಪಿಯರ್ ದಾಟದ ಹಾಗೆ ಸರ್ಕ್ಯೂಟ್‌ಗಳನ್ನು ಹಂಚಿ. ಅಳೆಯಲು ಲೀಕೇಜ್ ಕ್ಲಾಂಪ್ ಮೀಟರ್ ತೆಗೆದುಕೊಂಡು ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಅದರ ಬಾಯೊಳಗೆ ಹಿಡಿಯಿರಿ.

ಟೆಸ್ಟ್ ಬಟನ್ ಬಗ್ಗೆ ಒಂದು ಮಾತು. ಅದನ್ನು ಒತ್ತಿದಾಗ ಬಿದ್ದರೆ ಯಂತ್ರ ಅಂಟಿಕೊಂಡಿಲ್ಲ ಎಂದು ಗೊತ್ತಾಗುತ್ತದೆ. ನಿಮ್ಮ ಅರ್ಥ್ ವೈರ್ ತುಂಡಾಗಿದೆಯೋ, ರಾಡ್ ತುಕ್ಕು ಹಿಡಿದಿದೆಯೋ ಅದಕ್ಕೆ ಗೊತ್ತೇ ಇಲ್ಲ. ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ ಒತ್ತಿ. ಒತ್ತಿದಾಗ ಬೀಳದಿದ್ದರೆ ಅವತ್ತೇ ಬದಲಾಯಿಸಿ.

ರಾಡ್ ಹೂಳುವುದು, ಅಳೆಯುವುದು

ಮಣ್ಣಿನ ರೆಸಿಸ್ಟಿವಿಟಿ 100 ಓಮ್ ಮೀಟರ್ ಇರುವ ಜಾಗದಲ್ಲಿ 3 ಮೀಟರ್ ಉದ್ದ, 16 ಮಿಲಿಮೀಟರ್ ದಪ್ಪದ ಒಂದು ರಾಡ್ ಸುಮಾರು 33 ಓಮ್ ಕೊಡುತ್ತದೆ. ದಪ್ಪ ಎರಡು ಪಟ್ಟು ಮಾಡಿದರೆ? 30 ಓಮ್. ಉದ್ದ ಎರಡು ಪಟ್ಟು ಮಾಡಿದರೆ 19 ಓಮ್. ಹಾಗಾಗಿ ದಪ್ಪ ಪೈಪಿಗೆ ದುಡ್ಡು ಸುರಿಯುವುದಕ್ಕಿಂತ ಆಳಕ್ಕೆ ಹೋಗುವುದು ಮೇಲು. ಎರಡು ರಾಡ್ ಹಾಕುವುದಾದರೆ ನಡುವೆ ಕನಿಷ್ಠ ಒಂದು ರಾಡ್‌ನ ಉದ್ದದಷ್ಟು ಜಾಗ ಬಿಡಿ. ಪಕ್ಕಪಕ್ಕ ಹೂತರೆ ಎರಡೂ ಒಂದೇ ಮಣ್ಣನ್ನು ಹಂಚಿಕೊಂಡು ಒಂದೇ ರಾಡ್‌ನಂತೆ ನಡೆದುಕೊಳ್ಳುತ್ತವೆ.

ಉಪ್ಪು ಸುರಿದರೆ ಓಮ್ ಇಳಿಯುತ್ತದೆ, ನಿಜ. ಮಳೆಗೆ ಕೊಚ್ಚಿಯೂ ಹೋಗುತ್ತದೆ, ಅಷ್ಟರಲ್ಲಿ ರಾಡನ್ನೂ ತಿಂದಿರುತ್ತದೆ. ನನಗೆ ಬೆಂಟೋನೈಟ್ ಜೇಡಿ ಇಷ್ಟ, ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ.

ಅಳೆಯಲು ಮೂರು ಪಾಯಿಂಟ್‌ನ ಟೆಸ್ಟರ್: ಒಂದು ತುದಿ ರಾಡ್‌ಗೆ, ಇನ್ನೆರಡು ನೆಲಕ್ಕೆ ಹೊಡೆದ ಮೊಳೆಗಳಿಗೆ. ಮೊದಲು ಸಪ್ಲೈ ಆಫ್ ಮಾಡಿ, ಆಮೇಲೆ ರಾಡ್‌ನಿಂದ ಅರ್ಥ್ ವೈರ್ ಬಿಚ್ಚಿ. ಸಪ್ಲೈ ಇರುವಾಗ ಬಿಚ್ಚಿದರೆ ಅಷ್ಟು ಹೊತ್ತು ಕಟ್ಟಡಕ್ಕೆ ಅರ್ಥಿಂಗ್ ಇರುವುದಿಲ್ಲ, ಬಿಚ್ಚಿದ ತುದಿಯೇ ಲೈವ್ ಆಗಿರಬಹುದು. ಕರೆಂಟ್ ಮೊಳೆಯನ್ನು 30 ಮೀಟರ್ ದೂರ ಹೊಡೆಯಿರಿ. ವೋಲ್ಟೇಜ್ ಮೊಳೆಯನ್ನು ಅದರ 62 ಶೇಕಡ, ಅಂದರೆ ಹೆಚ್ಚುಕಡಿಮೆ 18.5 ಮೀಟರ್‌ನಲ್ಲಿ, ಅದೇ ಗೆರೆಯಲ್ಲಿ. ಓದಿಕೊಂಡು, ನಡುವಿನ ಮೊಳೆಯನ್ನು 3 ಮೀಟರ್ ಹಿಂದೆ, 3 ಮೀಟರ್ ಮುಂದೆ ಸರಿಸಿ ಮತ್ತೆ ಓದಿ. ಮೂರೂ ಹತ್ತಿರ ಹತ್ತಿರ ಬಂದರೆ ನಂಬಬಹುದು. ಇಲ್ಲದಿದ್ದರೆ ಕರೆಂಟ್ ಮೊಳೆ ಇನ್ನೂ ದೂರ ಹೋಗಬೇಕು. ಮಳೆ ಬಿದ್ದ ಮಾರನೇ ದಿನ ಅಳೆದ ಅಂಕಿ ಬರೆದಿಟ್ಟು ಪ್ರಯೋಜನವಿಲ್ಲ, ನೆಲ ಒಣಗಿದಾಗ ಅಳೆಯಿರಿ.

ಹನ್ನೊಂದು ಕೆವಿ ಕಡೆ

ಇಲ್ಲಿಂದ ಮುಂದೆ ಸಬ್‌ಸ್ಟೇಷನ್, ಫೀಡರ್ ಕೆಲಸ ಮಾಡುವವರಿಗೆ. ಪ್ರಶ್ನೆ ಮತ್ತೆ ಅದೇ: ಕರೆಂಟು ವಾಪಸ್ ಹೇಗೆ ಬರುತ್ತದೆ? ಉತ್ತರ ಸಬ್‌ಸ್ಟೇಷನ್‌ನ ನ್ಯೂಟ್ರಲ್ ಭೂಮಿಗೆ ಹೇಗೆ ಸೇರಿದೆ ಎಂಬುದರಲ್ಲಿದೆ.

ನೇರವಾಗಿ ಸೇರಿಸಿದ್ದರೆ ಫಾಲ್ಟ್ ಕರೆಂಟು ಸಾವಿರಗಟ್ಟಲೆ ಆಂಪಿಯರ್ ಬರಬಹುದು. ರಿಲೇ, ಅಂದರೆ ಫಾಲ್ಟ್ ನೋಡಿ ಬ್ರೇಕರ್ ಬೀಳಿಸುವ ಸಾಧನ, ಸುಲಭವಾಗಿ ಗುರುತಿಸುತ್ತದೆ, ಆದರೆ ಕೇಬಲ್‌ಗೆ ಪೆಟ್ಟು ಜಾಸ್ತಿ. ನಡುವೆ ರೆಸಿಸ್ಟರ್ ಇಟ್ಟರೆ ಕರೆಂಟು ನಮಗೆ ಬೇಕಾದಷ್ಟಕ್ಕೆ ನಿಲ್ಲುತ್ತದೆ. ಸೇರಿಸದೇ ಬಿಟ್ಟರೆ ವಾಪಸ್ ದಾರಿ ಅಂದರೆ ಬೇರೆ ಎರಡು ಫೇಸ್ ಮತ್ತು ಭೂಮಿಯ ನಡುವಿನ ಕೆಪಾಸಿಟೆನ್ಸ್ ಮಾತ್ರ. ಕೆಲವೇ ಆಂಪಿಯರ್. ಆದರೆ ಚೆನ್ನಾಗಿರುವ ಆ ಎರಡು ಫೇಸ್ ಭೂಮಿಗೆ ಹೋಲಿಸಿದರೆ 6.35 ಕೆವಿಯಿಂದ 11 ಕೆವಿಗೆ ಏರುತ್ತವೆ, ಹಳೆಯ ಇನ್ಸುಲೇಟರ್ ಇದ್ದರೆ ಇನ್ನೊಂದು ಕಡೆ ಒಡೆಯುತ್ತದೆ. ಜರ್ಮನಿಯ ವಾಲ್ಡೆಮಾರ್ ಪೀಟರ್ಸನ್ 1916ರ ಹೊತ್ತಿಗೆ ಕಂಡುಹಿಡಿದ ಉಪಾಯ ಬೇರೆ. ನ್ಯೂಟ್ರಲ್ ಮತ್ತು ಭೂಮಿಯ ನಡುವೆ ಒಂದು ಕಾಯಿಲ್ ಇಟ್ಟು, ಆ ಕೆಪಾಸಿಟೆನ್ಸ್ ಕರೆಂಟನ್ನು ಅದಕ್ಕೆ ಎದುರಾದ ಕರೆಂಟಿನಿಂದ ಹೊಡೆದುಹಾಕುವುದು. ಕಿಡಿ ತಾನಾಗೇ ಆರಿಹೋಗುತ್ತದೆ. ಜಾಣ ಕೆಲಸ, ಆದರೆ ಅಲ್ಲಿ ಮಾಮೂಲಿ ರಿಲೇಗೆ ಏನೂ ಸಿಗುವುದಿಲ್ಲ, ದಿಕ್ಕು ನೋಡುವ ಸೂಕ್ಷ್ಮ ರಿಲೇ ಬೇಕು.

ನೇರ ಅಥವಾ ರೆಸಿಸ್ಟರ್ ಇರುವ ಫೀಡರ್ ಎಂದುಕೊಳ್ಳಿ. ಮೂರು ಫೇಸಿನ ಸಿಟಿಗಳನ್ನು (ದೊಡ್ಡ ಕರೆಂಟನ್ನು ರಿಲೇಗೆ ಬೇಕಾದಷ್ಟು ಚಿಕ್ಕದು ಮಾಡಿ ಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಸೇರಿಸಿದ ಜಾಗದಲ್ಲಿ ಅರ್ಥ್ ಫಾಲ್ಟ್ ರಿಲೇ ಕೂರುತ್ತದೆ. ಲೋಡ್ ಸಮನಾಗಿದ್ದರೆ ಮೂರೂ ಕೂಡಿ ಸೊನ್ನೆ, ಹಾಗಾಗಿ ಲೋಡ್ ಎಷ್ಟೇ ಇರಲಿ, ಇದನ್ನು ಅದಕ್ಕಿಂತ ತುಂಬಾ ಕೆಳಗೆ ಸೆಟ್ ಮಾಡಬಹುದು. 400/1 ಸಿಟಿಗೆ 10 ಶೇಕಡ ಇಟ್ಟರೆ 40 ಆಂಪಿಯರ್. ಓವರ್‌ಕರೆಂಟ್ ರಿಲೇ 400ರಲ್ಲಿ ಕೂತಿದ್ದರೆ 80 ಆಂಪಿಯರ್‌ನ ಅರ್ಥ್ ಫಾಲ್ಟ್ ಅದಕ್ಕೆ ಕಾಣುವುದೇ ಇಲ್ಲ, ಇದಕ್ಕೆ ಕಾಣುತ್ತದೆ.

ಸಮಯದ ಲೆಕ್ಕ ಹೀಗೆ. ಸ್ಟ್ಯಾಂಡರ್ಡ್ ಇನ್ವರ್ಸ್ ಕರ್ವ್‌ನಲ್ಲಿ, ಟೈಮ್ ಮಲ್ಟಿಪ್ಲೈಯರ್ 1 ಇದ್ದಾಗ, ಸೆಟ್ಟಿಂಗ್‌ನ ಎರಡು ಪಟ್ಟಿಗೆ 10 ಸೆಕೆಂಡ್, ಐದು ಪಟ್ಟಿಗೆ 4.3, ಹತ್ತು ಪಟ್ಟಿಗೆ ಸುಮಾರು 3 ಸೆಕೆಂಡ್. ಮಲ್ಟಿಪ್ಲೈಯರ್ 0.1 ಮಾಡಿದರೆ ಎಲ್ಲವೂ ಹತ್ತನೇ ಒಂದು. ಅಂದರೆ 400 ಆಂಪಿಯರ್ ಫಾಲ್ಟ್‌ಗೆ 0.3 ಸೆಕೆಂಡ್. ಅದರ ಮೇಲಿನ, ಅಂದರೆ ಸಪ್ಲೈಗೆ ಹತ್ತಿರದ, ರಿಲೇ ಕೆಳಗಿನದಕ್ಕಿಂತ 0.3ರಿಂದ 0.4 ಸೆಕೆಂಡ್ ತಡವಾಗಿ ಕೆಲಸ ಮಾಡಬೇಕು. ಅದೇ 40 ಆಂಪಿಯರ್ ಸೆಟ್ಟಿಂಗ್ ಇದ್ದರೆ ಅಲ್ಲಿ ಮಲ್ಟಿಪ್ಲೈಯರ್ 0.2 ಇಡಿ, 0.6 ಸೆಕೆಂಡ್ ಬರುತ್ತದೆ. ಡೆಲ್ಟಾ-ಸ್ಟಾರ್ ಟ್ರಾನ್ಸ್‌ಫಾರ್ಮರ್ (11 ಕೆವಿ ಕಡೆಯ ಸುತ್ತು ಡೆಲ್ಟಾ, ಕೆಳಗಿನದು ಸ್ಟಾರ್) ನಡುವೆ ಬಂದರೆ ಈ ಸರಪಳಿ ಅಲ್ಲಿಗೆ ಮುಗಿಯಿತು. 400 ವೋಲ್ಟ್ ಕಡೆಯ ಅರ್ಥ್ ಫಾಲ್ಟ್ 11 ಕೆವಿ ಕಡೆಯ ಅರ್ಥ್ ಫಾಲ್ಟ್ ರಿಲೇಗೆ ಕಾಣುವುದಿಲ್ಲ, ಡೆಲ್ಟಾ ಅದನ್ನು ದಾಟಲು ಬಿಡುವುದಿಲ್ಲ. ಇದರಿಂದ ಒಂದು ಲಾಭ, ಅದರ ಜೊತೆ ಸಮಯ ಹೊಂದಿಸುವ ತಾಪತ್ರಯ ಇಲ್ಲ. ಒಂದು ನಷ್ಟವೂ ಇದೆ: ಕೆಳಗಿನ ಕಡೆಗೆ ಅದರದೇ ರಕ್ಷಣೆ ಇಲ್ಲದಿದ್ದರೆ ಮೇಲಿನವರು ಕಾಪಾಡುತ್ತಾರೆ ಎಂದು ನಂಬುವ ಹಾಗಿಲ್ಲ. ಟ್ರಾನ್ಸ್‌ಫಾರ್ಮರ್ ನ್ಯೂಟ್ರಲ್‌ನಲ್ಲೊಂದು ಸಿಟಿ ಹಾಕಿ ಅಲ್ಲಿಂದ ನೋಡಿ.

10 ಶೇಕಡಕ್ಕಿಂತ ಕೆಳಗೆ ಹೋಗಬೇಕೆಂದರೆ ಮೂರು ಸಿಟಿ ಸೇರಿಸಿದ ವ್ಯವಸ್ಥೆ ಸರಿಹೋಗುವುದಿಲ್ಲ. ದೊಡ್ಡ ಮೋಟಾರ್ ಶುರುವಾದಾಗ ಒಂದು ಸಿಟಿ ಸ್ವಲ್ಪ ಮುಂಚೆ ತುಂಬಿಕೊಂಡು, ಅಂದರೆ ಸ್ಯಾಚುರೇಟ್ ಆಗಿ, ಸರಿಯಾಗಿ ಅಳೆಯದಿದ್ದರೂ ಇಲ್ಲದ ಫಾಲ್ಟ್ ತೋರಿಸುತ್ತದೆ. ಆಗ ಮೂರೂ ಕೋರ್ ಒಟ್ಟಿಗೆ ಹಾಯುವ ಉಂಗುರದ ಸಿಟಿ, ಕೋರ್ ಬ್ಯಾಲೆನ್ಸ್ ಸಿಟಿ, ಹಾಕಬೇಕು. ಇದನ್ನು ಹಾಕುವಾಗ ಎಲ್ಲೆಲ್ಲೂ ಆಗುವ ತಪ್ಪು ಒಂದೇ. ಕೇಬಲ್‌ನ ಲೋಹದ ಕವಚ ಸಿಟಿಯೊಳಗಿಂದ ಹಾದು ಮೇಲೆ ಬಂದಿರುತ್ತದೆ, ಅದರ ಅರ್ಥ್ ತಂತಿಯನ್ನು ಸುಮ್ನೆ ಅಲ್ಲೇ ಮೇಲೆ ಬಾಡಿಗೆ ಕಟ್ಟಿಬಿಡುತ್ತಾರೆ. ಕೇಬಲ್‌ನ ಆಚೆ ತುದಿಯಲ್ಲಿ ಫಾಲ್ಟ್ ಆದಾಗ ಕರೆಂಟು ಕೋರಿನಲ್ಲಿ ಹೋಗಿ ಕವಚದಲ್ಲಿ ವಾಪಸ್ ಬರುತ್ತದೆ, ಎರಡೂ ಅದೇ ಉಂಗುರದೊಳಗೆ. ಒಂದಕ್ಕೊಂದು ವಜಾ, ಸಿಟಿಗೆ ಸೊನ್ನೆ. ಆ ಅರ್ಥ್ ತಂತಿಯನ್ನು ಉಂಗುರದೊಳಗಿಂದ ಮತ್ತೆ ಕೆಳಗೆ ತಂದು ಆಮೇಲೆ ಅರ್ಥ್ ಮಾಡಬೇಕು, ಕೇಬಲ್ ಹಿಡಿದಿಡುವ ಗ್ಲ್ಯಾಂಡ್ ಬಾಡಿಗೆ ತಾಗದ ಹಾಗೆ ಇನ್ಸುಲೇಟ್ ಆಗಿರಬೇಕು. ಒಂದು ಕಡೆ ಹೊಸ ರಿಲೇ ಎರಡು ಸಲ ಬದಲಾಯಿಸಿದ ಮೇಲೆ ಈ ಗೇಣುದ್ದದ ತಂತಿ ಕಣ್ಣಿಗೆ ಬಿತ್ತು.

ಲೈನ್ ಚಾರ್ಜ್ ಮಾಡುವ ಮೊದಲು ಬರೀ ಸೆಕೆಂಡರಿ ಇಂಜೆಕ್ಷನ್, ಅಂದರೆ ಸಿಟಿ ಬಿಟ್ಟು ರಿಲೇಗೆ ನೇರ ಕರೆಂಟು ಕೊಡುವ ಪರೀಕ್ಷೆ, ಮಾಡಿ ಮುಗಿಸಬೇಡಿ. ಅದು ರಿಲೇಯನ್ನು ಮಾತ್ರ ಪರೀಕ್ಷೆ ಮಾಡುತ್ತದೆ. ಪ್ರೈಮರಿಯಲ್ಲಿ ಒಂದು ಫೇಸಿಗೆ ಕರೆಂಟು ಕೊಟ್ಟು ಬ್ರೇಕರ್ ಬೀಳುವ ತನಕ ನೋಡಿ. ಒಂದು ಸಿಟಿ ಉಲ್ಟಾ ಕಟ್ಟಿದ್ದರೆ ಸಮನಾದ ಲೋಡ್‌ನಲ್ಲೂ ರಿಲೇಗೆ ಲೋಡಿನ ಎರಡು ಪಟ್ಟು ಕಾಣುತ್ತದೆ, ಲೋಡ್ ಹಾಕಿದ ಕೂಡಲೇ ಬೀಳುತ್ತದೆ. ಆಗ ಸೆಟ್ಟಿಂಗ್ ಏರಿಸುವ ಆಸೆ ಬರುತ್ತದೆ. ಸಿಟಿ ತಿರುಗಿಸಿ. ಹಾಂ, ಕೆಲಸ ಮಾಡುವಾಗ ಲೋಡ್ ಇರುವ ಸಿಟಿಯ ಸೆಕೆಂಡರಿ ಎಂದೂ ಬಿಚ್ಚಬೇಡಿ, ತುದಿಯಲ್ಲಿ ಸಾವಿರಾರು ವೋಲ್ಟ್ ಏಳಬಹುದು. ಮೊದಲು ಶಾರ್ಟ್ ಮಾಡಿಕೊಳ್ಳಿ.

ರಿಲೇಗೆ ಕಾಣದ ಫಾಲ್ಟ್

ಇಷ್ಟೆಲ್ಲ ಮಾಡಿದರೂ ತುಂಡಾಗಿ ನೆಲಕ್ಕೆ ಬಿದ್ದ ತಂತಿಯನ್ನು ರಿಲೇ ಗುರುತಿಸದೇ ಇರಬಹುದು. ಒಣ ಮರಳು, ಡಾಂಬರು ರಸ್ತೆ, ಕಾಂಕ್ರೀಟ್ ಮೇಲೆ ಬಿದ್ದರೆ ಕೆಲವೇ ಆಂಪಿಯರ್ ಹರಿಯುತ್ತದೆ, ಕೆಲವೊಮ್ಮೆ ಅದೂ ಇಲ್ಲ. 40 ಆಂಪಿಯರ್‌ಗೆ ಸೆಟ್ ಮಾಡಿದ ರಿಲೇಗೆ ಏನು ಕಾಣಬೇಕು? ತಂತಿ ಪೂರ್ತಿ ಲೈವ್ ಆಗಿ ಬಿದ್ದಿರುತ್ತದೆ. ಕೆಲವು ಹೊಸ ರಿಲೇಗಳು ಮೂರು ಫೇಸಿನ ಕರೆಂಟು ಎಷ್ಟು ಅಸಮ ಆಗಿದೆ ಎಂದು ನೋಡಿ ತಂತಿ ತುಂಡಾದದ್ದನ್ನು ಊಹಿಸುತ್ತವೆ, ಇದ್ದರೆ ಆನ್ ಮಾಡಿ. ಆದರೂ ಬಿದ್ದ ತಂತಿ ಸತ್ತಿದೆ ಎಂದು ಎಂದಿಗೂ ಅಂದುಕೊಳ್ಳಬಾರದು. ಸುಮ್ಮನಿದ್ದ ತಂತಿಗೆ ಆಟೋ ರಿಕ್ಲೋಸರ್ ಕೆಲವು ಸೆಕೆಂಡ್ ಬಿಟ್ಟು ಮತ್ತೆ ಕರೆಂಟು ಕೊಡಬಹುದು.

ಹತ್ತಿರ ಹೋದರೆ ಏನಾಗುತ್ತದೆ? 100 ಓಮ್ ಮೀಟರ್ ಮಣ್ಣಿಗೆ 50 ಆಂಪಿಯರ್ ಇಳಿಯುತ್ತಿದೆ ಎಂದುಕೊಳ್ಳಿ. ತಂತಿ ತಾಗಿದ ಜಾಗದಿಂದ 1 ಮೀಟರ್‌ನಲ್ಲಿ ನೆಲ ಸುಮಾರು 800 ವೋಲ್ಟ್, 2 ಮೀಟರ್‌ನಲ್ಲಿ 400. ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ ಇಟ್ಟವನ ಎರಡು ಕಾಲಿನ ನಡುವೆ 400 ವೋಲ್ಟ್, ಏನನ್ನೂ ಮುಟ್ಟದೆಯೇ. 10 ಮೀಟರ್ ದೂರದಲ್ಲಿ ಅದೇ ಹೆಜ್ಜೆಗೆ 7 ವೋಲ್ಟ್ ಅಷ್ಟೇ. ಅದಕ್ಕೇ ಹತ್ತು ಮೀಟರ್ ದೂರ ನಿಲ್ಲಿ ಎನ್ನುವುದು, ನೆಲ ಒದ್ದೆಯಿದ್ದರೆ ಇನ್ನೂ ದೂರ. ದನಗಳು ಜಾಸ್ತಿ ಸಾಯುವುದಕ್ಕೂ ಇದೇ ಕಾರಣ, ಮುಂಗಾಲು ಹಿಂಗಾಲಿನ ಅಂತರ ದೊಡ್ಡದು, ಕರೆಂಟು ಎದೆ ಹಾದು ಹೋಗುತ್ತದೆ. ಗೊತ್ತಿಲ್ಲದೆ ಹತ್ತಿರ ಹೋಗಿಬಿಟ್ಟಿದ್ದರೆ ಓಡಬೇಡಿ. ಎರಡು ಪಾದ ಜೋಡಿಸಿ, ನೆಲದಿಂದ ಎತ್ತದೆ ಇಂಚಿಂಚಾಗಿ ಜಾರಿಸುತ್ತಾ ದೂರ ಬನ್ನಿ. ಗಾಡಿ ಮೇಲೆ ತಂತಿ ಬಿದ್ದಿದ್ದರೆ ಒಳಗೇ ಕೂರಿ, ಲೈನ್ ಆಫ್ ಆಯಿತು ಎಂದು ಲೈನಿನವರೇ ಬಂದು ಹೇಳುವ ತನಕ. ಬೆಂಕಿ ಹತ್ತಿದರೆ ಮಾತ್ರ ಇಳಿಯಬೇಕು, ಅದೂ ಗಾಡಿ ಮತ್ತು ನೆಲ ಎರಡನ್ನೂ ಒಟ್ಟಿಗೆ ಮುಟ್ಟದ ಹಾಗೆ ಪಾದ ಜೋಡಿಸಿ ಹಾರಬೇಕು.

ಲೈನಿಗೆ ಕೈ ಹಾಕುವ ಮೊದಲು

ರಿಪೇರಿಗೆ ಹೋಗುವವರಿಗೆ ಕ್ರಮ ಒಂದೇ, ತಿರುವುಮುರುವು ಮಾಡುವಂತಿಲ್ಲ. ಎಲ್ಲ ಕಡೆಯಿಂದ ಕಡಿಯಿರಿ. "ಎಲ್ಲ ಕಡೆ" ಎಂದಾಗ ಜನರೇಟರ್, ಸೋಲಾರ್, ಇನ್ವರ್ಟರ್ ಕೂಡ ಲೆಕ್ಕಕ್ಕೆ. ಕೆಳಗಿನಿಂದ 400 ವೋಲ್ಟ್ ಕೊಟ್ಟರೆ ಅದೇ ಟ್ರಾನ್ಸ್‌ಫಾರ್ಮರ್ ಮೇಲೆ 11 ಕೆವಿ ಮಾಡಿ ಕೊಡುತ್ತದೆ, ಅದಕ್ಕೆ ದಿಕ್ಕಿನ ಭೇದವಿಲ್ಲ. ಕಡಿದ ಜಾಗಕ್ಕೆ ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲಿರಲಿ, ಬೋರ್ಡ್ ತೂಗುಹಾಕಿ. ಆಮೇಲೆ ಡಿಟೆಕ್ಟರ್‌ನಿಂದ ಲೈನ್ ಸತ್ತಿದೆಯೇ ನೋಡಿ. ಡಿಟೆಕ್ಟರ್ ಸರಿಯಿದೆ ಎಂದು ಮೊದಲೊಮ್ಮೆ, ನೋಡಿದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿ. ಬ್ಯಾಟರಿ ಹೋದ ಡಿಟೆಕ್ಟರ್ ಎಲ್ಲ ಲೈನೂ ಸತ್ತಿದೆ ಎಂದೇ ಹೇಳುತ್ತದೆ.

ಆಮೇಲೆ ಡಿಸ್ಚಾರ್ಜ್ ರಾಡ್, ಅಂದರೆ ಸತ್ತ ಲೈನನ್ನು ಭೂಮಿಗೆ ಕಟ್ಟುವ ಕ್ಲಾಂಪ್ ಮತ್ತು ತಂತಿಯ ಸೆಟ್. ಮೊದಲು ಅರ್ಥ್ ಕಡೆಯ ಕ್ಲಾಂಪ್ ಬಿಗಿ ಮಾಡಿ, ನಂತರ ಫೇಸ್‌ಗಳಿಗೆ ಹಾಕಿ, ಮೂರೂ ಫೇಸ್ ಒಂದಕ್ಕೊಂದು ಶಾರ್ಟ್ ಆಗಿರಬೇಕು. ಕೆಲಸದ ಜಾಗದ ಎರಡೂ ಬದಿಗೆ ಹಾಕಿ. ತೆಗೆಯುವಾಗ ಇದಕ್ಕೆ ಉಲ್ಟಾ: ಫೇಸ್ ಮೊದಲು, ಅರ್ಥ್ ಕೊನೆಗೆ. ಅರ್ಥ್ ಮೊದಲು ತೆಗೆದರೆ, ಪಕ್ಕದ ಲೈನಿನಿಂದ ಇಂಡಕ್ಷನ್ ಆದ ವೋಲ್ಟೇಜ್‌ಗೆ ಉಳಿದ ದಾರಿ ನಿಮ್ಮ ಮೈ. ಹತ್ತಿರದಲ್ಲಿ ಇನ್ನೂ ಲೈವ್ ಇರುವ ಭಾಗಕ್ಕೆ ಅಡ್ಡ ಮರೆ ಕಟ್ಟಿಯೇ ಕೆಲಸ ಶುರು ಮಾಡಿ.

ಎಷ್ಟು ಡಿಸ್ಚಾರ್ಜ್ ರಾಡ್ ಹಾಕಿದಿರಿ ಎಂದು ಎಣಿಸಿ ಬರೆದಿಡಿ. ತೆಗೆದ ಮೇಲೆ ಮತ್ತೆ ಎಣಿಸಿ. ಒಂದು ಸೆಟ್ ಮರೆತರೂ ಚಾರ್ಜ್ ಮಾಡಿದ ಕ್ಷಣವೇ ಮೂರು ಫೇಸೂ ಒಟ್ಟಿಗೆ ಭೂಮಿಗೆ ಸೇರುತ್ತವೆ.